ಸ್ಟೇರಿಂಗ್ ಬಿಟ್ಟ ಮೇಲೆ ಕೈ ಎಲ್ಲಿಡುವುದು?

ನಾನು ಕುಟುಂಬ ಸಲಹೆಗಾರ್ತಿ. ಈ ವರ್ಷ ನನ್ನ ಬಳಿ ಬಂದ ನಾಲ್ಕನೇ ಬಸ್ ಡ್ರೈವರ್ ಇವರು. ಗುರುತು ಸಿಗುವಂಥದ್ದೆಲ್ಲ ಬದಲಿಸಿದ್ದೇನೆ. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಡುವ ಖಾಸಗಿ ಸಿಟಿ ಬಸ್, ವಯಸ್ಸು 45ರ ಆಸುಪಾಸು. ಮನೆಯಲ್ಲಿ ಮಾತಿಲ್ಲ, ಮಾತಾಡಿದರೆ ಬೊಬ್ಬೆ ಎಂದು ಹೆಂಡತಿ ಕರೆತಂದಿದ್ದರು. ಹೆಂಡತಿ ಬಟ್ಟೆ ಅಂಗಡಿಗೆ ಕೆಲಸಕ್ಕೆ ಸೇರಿ ಮಗಳ ಕಾಲೇಜು ಫೀಸು ಕಟ್ಟಿದ ಮೇಲೆ ಇದು ಜಾಸ್ತಿಯಾಗಿತ್ತು.

ಮೊದಲ ಎರಡು ಸಲ ಬರೀ ಬಸ್ಸಿನ ಸುದ್ದಿ. ಎದುರಿನ ಬಸ್ಸನ್ನು ಹಿಂದೆ ಹಾಕಿ ಬಂದರೆ ಮೊದಲೆಲ್ಲ ಸ್ಟ್ಯಾಂಡಿನಲ್ಲಿ ಮರ್ಯಾದೆ ಸಿಗುತ್ತಿತ್ತಂತೆ. ಈಗ ಜಿಪಿಎಸ್, ಕ್ಯಾಮರಾ. ಅದರ ಮೇಲೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು, ಸರ್ಕಾರಿ ಬಸ್ ಇರುವ ಕಡೆ ಹೆಂಗಸರೆಲ್ಲ ಅತ್ತ ಹೋದರು, ನಮ್ಮ ಕಲೆಕ್ಷನ್ ಇಳಿಯಿತು ಎಂಬ ಬೇಜಾರು.

ಮೂರನೇ ಸಲ ಕೇಳಿದೆ, "ಡ್ಯೂಟಿ ಮುಗಿಸಿ ಮನೆಗೆ ಹೋಗಿ ಎಂತ ಮಾಡ್ತೀರಿ?"

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡೂ ಕೈ ಮೇಜಿನ ಮೇಲಿಟ್ಟರು. "ಸ್ಟೇರಿಂಗ್ ಬಿಟ್ಟರೆ ಈ ಕೈ ಎಲ್ಲಿಡುವುದು ಅಂತ ಗೊತ್ತಾಗುವುದಿಲ್ಲ ಮೇಡಂ. ಅಡುಗೆ ಅವಳೇ ಮಾಡ್ತಾಳೆ, ದುಡ್ಡೂ ತರ್ತಾಳೆ. ಮತ್ತೆ ನಾನು ಎಂತಕ್ಕೆ?"

"ಇಷ್ಟು ವರ್ಷದಲ್ಲಿ ನಿಮ್ಮ ಬಸ್ಸಿನಿಂದ ಎಷ್ಟು ಜನ ಬಿದ್ದಿದ್ದಾರೆ?"

"ಒಬ್ಬರೂ ಇಲ್ಲ. ಅಜ್ಜಿಯಂದಿರು ಇಳಿದು ಎರಡು ಹೆಜ್ಜೆ ಹೋಗುವವರೆಗೆ ನಾನು ಕ್ಲಚ್ ಬಿಡುವುದಿಲ್ಲ. ಕಂಡಕ್ಟರ್ 'ಪೋಯಿ' (ತುಳುವಿನಲ್ಲಿ 'ಹೋಗುವ') ಅಂದರೂ ಇಲ್ಲ."

ಓವರ್‌ಟೇಕ್ ಬಗ್ಗೆ ಗಂಟೆಗಟ್ಟಲೆ ಹೇಳಿದವರು ಇದನ್ನು ಒಂದು ಸಲವೂ ಹೇಳಿರಲಿಲ್ಲ. ಪಕ್ಕದಲ್ಲಿದ್ದ ಹೆಂಡತಿ, "ನನಗೂ ಇವತ್ತೇ ಗೊತ್ತಾದದ್ದು" ಅಂದರು.

ನಾನು ಹೇಳಿದ್ದು ಎರಡೇ. ಇಬ್ಬರ ದುಡಿಮೆಯ ಲೆಕ್ಕ ಒಂದೇ ಪುಸ್ತಕದಲ್ಲಿ, ಒಟ್ಟಿಗೆ ಕೂತು ಬರೆಯಿರಿ. ರಜೆಯ ದಿನ ಬಂಗುಡೆ ಮೀನು ತಂದು ನೀವೇ ಕೊಯ್ದು ಕೊಡಿ. ಆ ಕೈಗೆ ಮನೆಯಲ್ಲೂ ಕೆಲಸ ಉಂಟು ಅಂತ ಗೊತ್ತಾಗಬೇಕಿತ್ತು.

ಗಂಡಸುತನದ ಆ ಹಳೇ ಕಲ್ಪನೆಯನ್ನೇ ಮೊದಲು ಒಡೆಯಬೇಕಿತ್ತು ಎಂದು ಜೊತೆಯ ಸಲಹೆಗಾರರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಇದ್ದದ್ದನ್ನು ಒಡೆದು ಬರಿಗೈಯಲ್ಲಿ ಕಳಿಸಿದರೆ ಆ ಮನುಷ್ಯ ನೇರ ಬಾರಿಗೆ ಹೋಗ್ತಾರೆ, ಅದನ್ನೂ ನೋಡಿದ್ದೇನೆ. ಅಜ್ಜಿಗಾಗಿ ಕಾಯುವ ಕಾಲು ಅವರದ್ದೇ ಅಲ್ವಾ, ನಾನು ಹಿಡಿದದ್ದು ಅದನ್ನು. ಆದರೆ ಒಂದು ಮಾತು. ಹೆಂಡತಿಯನ್ನು ಮೊದಲ ದಿನವೇ ಬೇರೆ ಕೂರಿಸಿ ಕೇಳಿದ್ದೆ, ಹೊಡೆತ ಇರಲಿಲ್ಲ. ಇದ್ದಿದ್ದರೆ ಬಂಗುಡೆಯ ಮಾತೇ ಬರುತ್ತಿರಲಿಲ್ಲ, ಮೊದಲು ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿಸುತ್ತಿದ್ದೆ.

ಡ್ರೈವರ್‌ಗಳ ಮನೆಯವರು ಇದನ್ನು ಓದುತ್ತಿದ್ದರೆ, ಬಂದ ಕೂಡಲೇ "ಇವತ್ತು ಕಲೆಕ್ಷನ್ ಎಷ್ಟು?" ಅಂತ ಕೇಳಬೇಡಿ. ದಾರಿಯಲ್ಲಿ ಎಂತ ಆಯಿತು ಅಂತ ಕೇಳಿ.

ಕಳೆದ ವಾರ ಪುಸ್ತಕ ತಂದು ತೋರಿಸಿದರು. ಹೆಂಡತಿಯ ಸಾಲು ತುಂಬಿದೆ. ಅವರದ್ದರಲ್ಲಿ ಒಂಬತ್ತು ದಿನದ್ದು ಮಾತ್ರ ಉಂಟು.