ಅಗ್ಗದ ಡಿಸ್‌ಪ್ಲೇ ಹಾಕಿಸುವ ಮುನ್ನ

ಚಿಕ್ಕಬಳ್ಳಾಪುರದಿಂದ ಬರೆದವರೇ, ಜಕ್ಕೂರಿನಲ್ಲಿರುವ ನಿಮ್ಮ ಹಳೆಯ ವಿಮಾನಕ್ಕೆ ಹೊಸ ಕಂಪನಿಯೊಂದರ ಅಗ್ಗದ ಜಿಪಿಎಸ್ ಡಿಸ್‌ಪ್ಲೇ (ಪೈಲಟ್‌ಗೆ ದಾರಿ ತೋರಿಸುವ ಪರದೆ) ಹಾಕಿಸಬಹುದೇ, ಕಂಪನಿ ಮುಚ್ಚಿದರೆ ಏನು ಗತಿ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ.

ಕಂಪನಿ ಮುಚ್ಚಿದ ದಿನವೇ ಉಪಕರಣ ನಿಲ್ಲುವುದಿಲ್ಲ, ತೊಂದರೆ ನಿಧಾನವಾಗಿ ಹತ್ತಿರ ಬರುತ್ತದೆ. ಹಾರಾಟದ ಮಾರ್ಗ, ನಿಲ್ದಾಣಗಳ ದತ್ತಾಂಶ 28 ದಿನಗಳ ಆವರ್ತದಲ್ಲಿ ನವೀಕರಣಗೊಳ್ಳುತ್ತದೆ. ಅದನ್ನು ನಿಮ್ಮ ಉಪಕರಣಕ್ಕೆ ಹೊಂದಿಸಿ ಕೊಡುವವರೇ ಇಲ್ಲವಾದರೆ ಮೋಡದೊಳಗೆ ಅದನ್ನು ನೆಚ್ಚುವುದು ಹೇಗೆ? ದುರಸ್ತಿ ಇನ್ನೂ ಕಷ್ಟ. ನಮ್ಮ ಕೋಲಾರದಲ್ಲಿ ಬೋರ್‌ವೆಲ್ ಮೋಟಾರು ಸುಟ್ಟರೆ ವೈಂಡಿಂಗ್ ಅಂಗಡಿಯವರು ಯಾವ ಕಂಪನಿಯದಾದರೂ ಸುತ್ತಿಕೊಡುತ್ತಾರೆ. ವಿಮಾನದ ಉಪಕರಣವನ್ನು ಅನುಮೋದಿತ ಕೈಪಿಡಿ, ಬಿಡಿಭಾಗಗಳಿಲ್ಲದೆ ಯಾರೂ ರಿಪೇರಿ ಮಾಡಿಕೊಡುವಂತಿಲ್ಲ.

ಷೇರುಪೇಟೆಯಲ್ಲಿರುವ ಕಂಪನಿಯಾದರೆ ವಾರ್ಷಿಕ ವರದಿಯಲ್ಲಿ ಸಾಲ, ಕೈಯಲ್ಲಿರುವ ನಗದು, ಸತತ ನಷ್ಟ ನೋಡಿ. ಇಂಥ ವಿಮಾನ ಉಪಕರಣಗಳನ್ನು ಮಾಡುವ ದೊಡ್ಡ ಕಂಪನಿ ಗಾರ್ಮಿನ್‌ಗೆ ಕೈಗಡಿಯಾರಗಳಿಂದಲೂ ಆದಾಯವಿದೆ. ಒಂದೇ ಉಪಕರಣ ಮಾರುವವರಿಗೆ ಅಂಥ ಆಸರೆ ಇರುವುದಿಲ್ಲ. ಖಾಸಗಿ ಕಂಪನಿಯಾದರೆ, ಹೊಸ ವಿಮಾನಗಳಿಗೆ ಕಾರ್ಖಾನೆಯಲ್ಲೇ ಅವರ ಉಪಕರಣ ಅಳವಡಿಸುತ್ತಾರೆಯೇ ಎಂದು ವಿಚಾರಿಸಿ. ನಾನು ಬಹಳ ನಂಬುವ ಗುರುತು ಅದೇ.

ಪೂರ್ತಿ ಹಣವನ್ನಂತೂ ಮುಂಗಡ ಕೊಡಬೇಡಿ. 2008ರಲ್ಲಿ ಅಮೆರಿಕದ ವಿಮಾನ ತಯಾರಕ ಎಕ್ಲಿಪ್ಸ್ ಏವಿಯೇಷನ್ ದಿವಾಳಿಯಾದಾಗ ಮುಂಗಡ ಕೊಟ್ಟಿದ್ದವರು ಹಣ ಕಳೆದುಕೊಂಡರು.