ಓದುಗರ ಪ್ರಶ್ನೆ, ನಮ್ಮ ಉತ್ತರ: ಸಗಣಿ, ಗಂಜಲ, ಕೋಳಿಗೊಬ್ಬರ ಮತ್ತು ಕಾನೂನು

ಪ್ರಶ್ನೆ: 40 ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ತಳಿಯ ಹಸುಗಳ ಕೊಟ್ಟಿಗೆ ಕಟ್ಟಬೇಕೆಂದಿದ್ದೇನೆ. ಗ್ರಾಮ ಪಂಚಾಯಿತಿಯಿಂದ ಪರವಾನಗಿ ಸಿಕ್ಕಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು ಎನ್ನುತ್ತಾರೆ. ನಿಜವೇ? ಜಮೀನು 6 ಎಕರೆ ಇದೆ.
– ಓದುಗರೊಬ್ಬರು, ಚನ್ನರಾಯಪಟ್ಟಣ

ಉತ್ತರ: ನಿಜ. ಪಂಚಾಯಿತಿಯ ಕಾಗದ ಒಂದೇ ಸಾಲದು. ಡೇರಿ ಫಾರಂ ಮತ್ತು ಗೋಶಾಲೆಗಳಿಗಾಗಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಮಾರ್ಗಸೂಚಿ ಹೊರಡಿಸಿ, 2021ರಲ್ಲಿ ಪರಿಷ್ಕರಿಸಿತು. ಅದರಂತೆ ನಿಮ್ಮ ಗಾತ್ರದ ಫಾರಂ ರಾಜ್ಯ ಮಂಡಳಿಯ ಸಮ್ಮತಿ ಪಡೆಯಬೇಕು. ಕಟ್ಟಡಕ್ಕೆ ಕೈಹಾಕುವ ಮೊದಲು ಸ್ಥಾಪನಾ ಸಮ್ಮತಿ, ಅಂದರೆ ಸಿಎಫ್‌ಇ. ಹಸು ತಂದು ಕಟ್ಟುವ ಮೊದಲು ಕಾರ್ಯಾಚರಣೆ ಸಮ್ಮತಿ, ಅಂದರೆ ಸಿಎಫ್‌ಒ. ಕಟ್ಟಿ ಮುಗಿಸಿದ ಮೇಲೆ ಅರ್ಜಿ ಹಾಕುವವರೇ ಹೆಚ್ಚು. ಆಗ ಜಾಗ ನಿಯಮಕ್ಕೆ ಹೊಂದದಿದ್ದರೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ಹೊಸ ಡೇರಿ ಜನವಸತಿಯಿಂದ 200 ಮೀಟರ್, ಶಾಲೆ ಮತ್ತು ಆಸ್ಪತ್ರೆಯಿಂದ 500 ಮೀಟರ್ ದೂರ ಇರಬೇಕು. ಪಾಯ ತೋಡುವ ಮೊದಲು ಟೇಪು ಹಿಡಿದು ಅಳೆಯಿರಿ.

ಅರ್ಜಿಗೆ ಮುಂಚೆ ಮಾಡಬೇಕಾದ ಕೆಲಸ ಲೆಕ್ಕ. 400 ಕೆ.ಜಿ. ತೂಗುವ ಒಂದು ಹಸು ದಿನಕ್ಕೆ 15ರಿಂದ 20 ಕೆ.ಜಿ. ಸಗಣಿ, ಹೆಚ್ಚುಕಡಿಮೆ ಅಷ್ಟೇ ಲೀಟರ್ ಗಂಜಲ ಹಾಕುತ್ತದೆ. 40 ಹಸುಗಳಿಗೆ 600ರಿಂದ 800 ಕೆ.ಜಿ. ಸಗಣಿ, 700 ಲೀಟರಿನಷ್ಟು ಗಂಜಲ. ತೊಳೆಯುವುದಕ್ಕೆ ಹಸುವೊಂದಕ್ಕೆ 50 ಲೀಟರ್ ನೀರು ಹಿಡಿದರೂ 2,000 ಲೀಟರ್. ಒಟ್ಟು ದಿನಕ್ಕೆ 2,700 ಲೀಟರ್ ಕೊಳಚೆ. ಇದನ್ನು ರಸ್ತೆ ಚರಂಡಿಗೋ ಹಳ್ಳಕ್ಕೋ ಬಿಟ್ಟರೆ 1974ರ ಜಲ ಮಾಲಿನ್ಯ ಕಾಯ್ದೆ ಮುರಿದಂತೆ. ಸ್ಥಳ ನೋಡಲು ಬರುವ ಅಧಿಕಾರಿ ಮೊದಲು ಹುಡುಕುವುದೇ ಈ ನೀರಿನ ದಾರಿಯನ್ನು.

ಮಳೆ ಹಿಡಿದಾಗ ಹೊಲಕ್ಕೆ ಸ್ಲರಿ (ಸಗಣಿ, ಗಂಜಲ ಬೆರೆತ ನೀರು) ಬಿಡಲಾಗದು. ಆದ್ದರಿಂದ 15 ದಿನದ ಕೊಳಚೆ ಹಿಡಿಯುವ ತೊಟ್ಟಿ ಬೇಕು: ಸುಮಾರು 40,000 ಲೀಟರ್. 5 ಮೀಟರ್ ಉದ್ದ, 4 ಮೀಟರ್ ಅಗಲ, 2 ಮೀಟರ್ ಆಳ. ಈ ಆಳದ ಮೇಲೆ ಇನ್ನೂ ಒಂದಡಿ ಎತ್ತರ ಕಟ್ಟಿ ಖಾಲಿ ಬಿಡಿ. ಒಳಗೋಡೆಗೆ ನೀರು ಜಿನುಗದಂಥ ಸಿಮೆಂಟ್ ಗಾರೆ, ಸುತ್ತ ಬೇಲಿ, ಮೇಲೆ ಜಾಲರಿ ಕಡ್ಡಾಯವೆಂದೇ ತಿಳಿಯಿರಿ. ಕದಡಿದ ಸ್ಲರಿಯಿಂದ ಬರುವ ವಿಷಾನಿಲ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸಬಲ್ಲದು. ಯಾವ ಕಾರಣಕ್ಕೂ ಯಾರನ್ನೂ ತೊಟ್ಟಿಯೊಳಗೆ ಇಳಿಸಬೇಡಿ. ಬಿದ್ದವರನ್ನು ಎತ್ತಲು ಇಳಿದವರೂ ಪ್ರಾಣ ಕಳೆದುಕೊಳ್ಳುತ್ತಾರೆ. ಕೊಟ್ಟಿಗೆಯ ನೆಲಕ್ಕೆ ಐದಡಿಗೆ ಒಂದಿಂಚು ಇಳಿಜಾರು ಕೊಡಿ. ಗಂಜಲದ ಕಾಲುವೆ ತೊಟ್ಟಿ ಸೇರುವ ಮುಂಚೆ ಮರಳು, ಮೇವಿನ ಕಡ್ಡಿ ತಡೆಯುವ ಸಣ್ಣ ಗುಂಡಿ ಮಾಡಿ. ಇಲ್ಲದಿದ್ದರೆ ಪಂಪು ಪದೇ ಪದೇ ಕಟ್ಟಿಕೊಳ್ಳುತ್ತದೆ. ಚಾವಣಿಯ ಮಳೆನೀರಿಗೆ ಬೇರೆಯೇ ದೋಣಿ ಇರಲಿ. ಅದು ತೊಟ್ಟಿಗೆ ಸೇರಿದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ಮೊದಲು ಸಗಣಿ ಬಾಚಿ, ಆಮೇಲೆ ನೀರು ಹಾಕಿ. ಪೈಪಿನ ನೀರಿನಿಂದಲೇ ಸಗಣಿ ತಳ್ಳುವ ಕೊಟ್ಟಿಗೆಗೆ ಎಷ್ಟು ದೊಡ್ಡ ತೊಟ್ಟಿ ಕಟ್ಟಿದರೂ ಸಾಲುವುದಿಲ್ಲ.

ನಮಗೆ ಹೆಚ್ಚು ಚಿಂತೆ ನಿಮ್ಮ 6 ಎಕರೆಯದು. ವರ್ಷಕ್ಕೆ 220ರಿಂದ 290 ಟನ್ ಹಸಿ ಸಗಣಿ ಕಳಿತ ಮೇಲೆ 100 ಟನ್ ಗೊಬ್ಬರವಾದೀತು. ಎಕರೆಗೆ 4 ಟನ್‌ನಂತೆ ಅದಕ್ಕೆ 25 ಎಕರೆ ಬೇಕು. ಅಷ್ಟನ್ನೂ ಆರೇ ಎಕರೆಗೆ ಸುರಿದರೆ ಬೆಳೆ ಉಂಡು ಮಿಕ್ಕ ಸಾರಜನಕ ಕೊಳವೆಬಾವಿಗೆ ಇಳಿಯುತ್ತದೆ. ಅಕ್ಕಪಕ್ಕದ ತೆಂಗಿನ ತೋಟದವರ ಜೊತೆ ಗೊಬ್ಬರ ಒಯ್ಯುವ ಒಪ್ಪಂದವನ್ನು ಬರವಣಿಗೆಯಲ್ಲೇ ಮಾಡಿಕೊಂಡು ಅರ್ಜಿಗೆ ಲಗತ್ತಿಸಿ. ಸಗಣಿಯಲ್ಲಿ 50 ಕೆ.ಜಿ.ಯನ್ನು 2 ಘನ ಮೀಟರ್ ಗೋಬರ್ ಗ್ಯಾಸ್ ಘಟಕಕ್ಕೆ ಹಾಕಿದರೆ ಮನೆಯ ಅಡುಗೆಗೆ ಸಾಕು. ಆದರೆ ಹಾಕಿದ ಸಗಣಿ, ನೀರು ಎರಡೂ ಸೇರಿದಷ್ಟು ಸ್ಲರಿ ಹೊರಗೆ ಬರುತ್ತದೆ. ಗ್ಯಾಸ್ ಹಾಕಿಸಿದ ಮಾತ್ರಕ್ಕೆ ತೊಟ್ಟಿ ಬೇಡವೆಂದಲ್ಲ.

ಪ್ರಶ್ನೆ: ಊರ ಪಕ್ಕದ ಕೋಳಿ ಫಾರಂನಲ್ಲಿ 18,000 ಮೊಟ್ಟೆ ಕೋಳಿಗಳಿವೆ. ನೊಣದ ಕಾಟಕ್ಕೆ ಅನ್ನದ ತಟ್ಟೆ ಮುಚ್ಚಿಟ್ಟುಕೊಂಡು ಉಣ್ಣಬೇಕಾಗಿದೆ. ‘ನಮಗೆ ಅನುಮತಿ ಬೇಕಿಲ್ಲ’ ಎನ್ನುತ್ತಾರೆ ಮಾಲೀಕರು.
– ಗ್ರಾಮಸ್ಥರು, ಹರಪನಹಳ್ಳಿ ತಾಲ್ಲೂಕು

ಉತ್ತರ: ಒಂದೇ ಜಾಗದಲ್ಲಿ 25,000ಕ್ಕಿಂತ ಹೆಚ್ಚು ಕೋಳಿ ಇದ್ದರೆ ಮಂಡಳಿಯ ಸಮ್ಮತಿ ಬೇಕು. ಅದಕ್ಕಿಂತ ಕಡಿಮೆಯಿದ್ದರೆ ಬೇಕೋ ಬೇಡವೋ ಎಂಬುದನ್ನು ಮಂಡಳಿಯಲ್ಲೇ ವಿಚಾರಿಸಿ. ಆದರೆ 5,000 ದಾಟಿದ ಫಾರಂಗಳೂ ಗೊಬ್ಬರ, ವಾಸನೆ, ನೊಣದ ಬಗೆಗಿನ ಮಾರ್ಗಸೂಚಿ ಪಾಲಿಸಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ, ಪ್ರತಿಯನ್ನು ಮಂಡಳಿಯ ಪ್ರಾದೇಶಿಕ ಕಚೇರಿಗೂ ಕಳಿಸಿ. ಆಗಲೂ ಸರಿಹೋಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಸಾರ್ವಜನಿಕ ಉಪದ್ರವ ತೆಗೆಸುವಂತೆ ಉಪವಿಭಾಗಾಧಿಕಾರಿಯ ಬಳಿ ಅರ್ಜಿ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 133ನೇ ಕಲಮೇ ಇದು.

ಮಾಲೀಕರಿಗೂ ಒಂದು ಮಾತು, ಏಕೆಂದರೆ ನೊಣ ತಡೆಯುವುದು ಅವರ ಕೈಯಲ್ಲೇ ಇದೆ. ಬೇಸಿಗೆಯಲ್ಲಿ ಮೊಟ್ಟೆಯಿಂದ ನೊಣವಾಗಲು 7ರಿಂದ 10 ದಿನ ಸಾಕು, ಅದೂ ಗೊಬ್ಬರ ಒದ್ದೆಯಿದ್ದರೆ ಮಾತ್ರ. ಹಾರುವ ನೊಣಕ್ಕೆ ಔಷಧಿ ಹೊಡೆದರೆ ಕೆಳಗೆ ಹುಳು ಬೆಳೆಯುತ್ತಲೇ ಇರುತ್ತದೆ. ಕ್ರಮೇಣ ಔಷಧಿಗೂ ಬಗ್ಗುವುದಿಲ್ಲ. ದಿನವೂ ಪಂಜರದ ಕೆಳಗೆ ನಡೆದು, ಒದ್ದೆ ಕಂಡಲ್ಲಿ ನೇರ ಮೇಲಿನ ನಿಪ್ಪಲ್ (ಕೋಳಿ ನೀರು ಕುಡಿಯುವ ನಳಿಕೆ) ನೋಡಿ. ಸೋರುತ್ತಿದ್ದರೆ ಅಂದೇ ಬದಲಿಸಿ. ಆಹಾರದಲ್ಲಿ ಉಪ್ಪು ಹೆಚ್ಚಾದರೂ ಹಿಕ್ಕೆ ನೀರಾಗುತ್ತದೆ. ಒದ್ದೆ ಜಾಗಕ್ಕೆ ತೆಂಗಿನ ನಾರಿನ ಪುಡಿ ಹಾಕಿ. ಗೊಬ್ಬರ ತೆಗೆಯುವಾಗ ನೆಲ ಕಾಣುವಂತೆ ಬಾಚಬೇಡಿ. 4ರಿಂದ 6 ಇಂಚು ಒಣ ಪದರ ಉಳಿಸಿ. ನೊಣದ ಮರಿಹುಳು ತಿನ್ನುವ ಜೀರುಂಡೆಗಳು ಅದರಲ್ಲೇ ಇರುತ್ತವೆ. ಲಾರಿಗೆ ಟಾರ್ಪಾಲು ಕಟ್ಟಿ, ಹೊಲದಲ್ಲಿ ಸುರಿದ ರಾಶಿಯನ್ನೂ ಮುಚ್ಚಿಸಿ.

ಪ್ರಶ್ನೆ: ನನ್ನ ಹೆಸರಿನಲ್ಲಿ 14,000, ಪತ್ನಿಯ ಹೆಸರಿನಲ್ಲಿ 13,000 ಕೋಳಿಗಳ ಶೆಡ್ ಒಂದೇ ಬೇಲಿಯೊಳಗಿವೆ. ಲೆಕ್ಕ ಹೇಗೆ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ನಿಯಮ ಎಣಿಸುವುದು ಜಾಗದ ಕೋಳಿಯನ್ನು, ಖಾತೆಯ ಹೆಸರನ್ನಲ್ಲ. 27,000 ಆಯಿತು, ಸಮ್ಮತಿಗೆ ಅರ್ಜಿ ಹಾಕಿ.

ಪ್ರಶ್ನೆ: ಗೊಬ್ಬರಗುಂಡಿಯಿಂದ ಕುಡಿಯುವ ಬಾವಿಗೆ 20 ಅಡಿ. ನೀರು ಕುದಿಸಿ ಕುಡಿದರೆ ಸಾಲದೇ? ಬಾಣಂತಿ, ಹಸುಗೂಸು ಮನೆಯಲ್ಲಿದ್ದಾರೆ.
– ಓದುಗರೊಬ್ಬರು, ಸಾಗರ

ಉತ್ತರ: ಸಾಲದು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 45 ಮಿಲಿಗ್ರಾಂ ನೈಟ್ರೇಟ್ ಮಿತಿ. ಅದು ಮೀರಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರಲಾರದೆ ಮೈ ನೀಲಿಗಟ್ಟುವ ಅಪಾಯವಿದೆ. ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಗುವಿಗೆ ಪುಡಿ ಹಾಲು ಕಲಸಲು ಈ ನೀರು ಬಳಸಬೇಡಿ. ಗುಂಡಿಯನ್ನು ಬಾವಿಗಿಂತ ತಗ್ಗಿಗೆ, 50 ಅಡಿಗೂ ಆಚೆ ಒಯ್ಯಿರಿ. ಮುರಕಲ್ಲಿನ ನೆಲದಲ್ಲಿ ನೀರು ಬೇಗ ಹರಿಯುವುದರಿಂದ ಇನ್ನೂ ದೂರವಾದರೆ ಒಳ್ಳೆಯದು. ಹೊಸ ಗುಂಡಿಯ ತಳಕ್ಕೆ ಸಿಮೆಂಟ್ ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ, ಮೇಲೆ ಸೋಗೆಯದಾದರೂ ಮಾಡು ಇರಲಿ. ಹಳೆಯ ಗುಂಡಿಯ ಕಪ್ಪು ಮಣ್ಣನ್ನು ಪೂರ್ತಿ ತೆಗೆದು ಅಡಿಕೆ ಬುಡಕ್ಕೆ ಹಾಕಿ. ಅದನ್ನು ಅಲ್ಲೇ ಬಿಟ್ಟರೆ ಮುಂದಿನ ಮಳೆಗಾಲದಲ್ಲೂ ಬಾವಿಗೆ ಇಳಿಯುತ್ತದೆ.