ನೆರವು ಕೊಟ್ಟವರ ಲೆಕ್ಕ ಯಾರು ಕೇಳಬೇಕು?

ಪ್ರಶ್ನೆ: ಮೇಡಂ, ಬಡ ದೇಶಗಳಿಗೆ ನೆರವು ಕೊಡುವವರು ‘ಬಜೆಟ್ ಲೆಕ್ಕ ಜನರಿಗೆ ತೋರಿಸಿ’ ಎಂದು ಷರತ್ತು ಹಾಕುತ್ತಾರಂತೆ. ಅದರಿಂದ ಏನಾದರೂ ಆಗುತ್ತದೆಯೇ, ಇಲ್ಲಾ ಸುಮ್ನೆ ಮಾತೇ?

ಉತ್ತರ: ಆಗಿದ್ದೂ ಇದೆ, ಕೊಟ್ಟವರೇ ಏಮಾರಿದ್ದೂ ಇದೆ. ಆಡಿಟ್ ಕೆಲಸದಲ್ಲೇ ತಲೆ ಹಣ್ಣಾದವಳು ನಾನು. ಹಣ ಬಿಡುಗಡೆಯಾಯಿತು ಎಂದರೆ ನಂಬುವುದಿಲ್ಲ, ಕೈಗೆ ಬಂದಿದ್ದೆಷ್ಟು ಎಂದು ಕೇಳುತ್ತೇನೆ.

ಉಗಾಂಡದಲ್ಲಿ ಇದನ್ನೇ ಕೇಳಿದರು. ವಿಶ್ವಬ್ಯಾಂಕಿನ ನೆರವಿನಿಂದ ನಡೆದ ಸಮೀಕ್ಷೆಯವರು ಪ್ರಾಥಮಿಕ ಶಾಲೆಗಳಿಗೇ ಹೋಗಿ ರಿಜಿಸ್ಟರ್ ತೆಗೆಸಿದರು. 1991ರಿಂದ 1995ರವರೆಗೆ ಸಂಬಳ ಬಿಟ್ಟು ಉಳಿದ ಖರ್ಚಿಗೆಂದು ಸರ್ಕಾರ ಕೊಟ್ಟ ಅನುದಾನದಲ್ಲಿ ಶಾಲೆ ಮುಟ್ಟಿದ್ದು ಸರಾಸರಿ ಶೇ 13. ಎಷ್ಟೋ ಶಾಲೆಗಳಿಗೆ ಬಿಡಿಗಾಸೂ ಬಂದಿರಲಿಲ್ಲ. ಹೆಚ್ಚಿನ ಹಣ ಜಿಲ್ಲೆಯ ಮಟ್ಟದಲ್ಲೇ ಇಂಗಿಹೋಗಿತ್ತು. ಆಮೇಲೆ ಸರ್ಕಾರ ಜಿಲ್ಲೆಗಳಿಗೆ ಕಳಿಸಿದ ಮೊತ್ತವನ್ನು ಪತ್ರಿಕೆಗಳಲ್ಲಿ ಹಾಕಿಸಿತು, ಶಾಲೆಗಳಲ್ಲೂ ಅಂಟಿಸಲು ಹೇಳಿತು. 2001ರ ಹೊತ್ತಿಗೆ ಸುಮಾರು ಶೇ 80 ಮುಟ್ಟುತ್ತಿತ್ತು. ಪತ್ರಿಕೆಯಿಂದಲೇ ಎಲ್ಲ ಸರಿಹೋಯಿತು ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. 1997ರಲ್ಲಿ ಉಚಿತ ಪ್ರಾಥಮಿಕ ಶಿಕ್ಷಣ ಬಂತು, ಎಲ್ಲರ ಕಣ್ಣೂ ಶಾಲೆಗಳ ಮೇಲಿತ್ತು.

ಇನ್ನು ಮೊಜಾಂಬಿಕ್. ಹದಿನಾಲ್ಕು ದಾನಿಗಳು ಅಲ್ಲಿಯ ಬಜೆಟ್ಟಿಗೇ ನೇರವಾಗಿ ಹಣ ಹಾಕುತ್ತಿದ್ದರು. 2013-14ರಲ್ಲಿ ಸರ್ಕಾರಿ ಕಂಪನಿಗಳು ತೆಗೆದ ಸುಮಾರು 200 ಕೋಟಿ ಡಾಲರ್ ಸಾಲಕ್ಕೆ ಸರ್ಕಾರ ಜಾಮೀನು ನಿಂತಿತು, ಸಂಸತ್ತಿನ ಒಪ್ಪಿಗೆ ಇಲ್ಲದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬೆಳಕಿಗೆ ಬಂದದ್ದು 2016ರಲ್ಲಿ. ದಾನಿಗಳು ಬಜೆಟ್ ನೆರವು ನಿಲ್ಲಿಸಿದರು. ಆದರೆ ವರ್ಷವರ್ಷ ಸರ್ಕಾರದ ಜೊತೆ ಮೇಜಿಗೆ ಕೂತು ಪರಿಶೀಲನೆ ಮಾಡುತ್ತಿದ್ದವರು ಅವರೇ ಅಲ್ವಾ?

ನನ್ನ ದೊಡ್ಡ ತಕರಾರು ಬೇರೆ. ನೆರವಿನ ಎಷ್ಟೋ ಹಣ ಸರ್ಕಾರದ ಖಜಾನೆಗೆ ಬರುವುದೇ ಇಲ್ಲ. ಪ್ರಾಜೆಕ್ಟಿಗೆ ಬೇರೆ ಬ್ಯಾಂಕ್ ಖಾತೆ, ಬೇರೆ ಆಡಿಟ್, ದಾನಿಯದೇ ಆರ್ಥಿಕ ವರ್ಷ. ಬಜೆಟ್ ಪುಸ್ತಕದಲ್ಲಿ ಆ ಆಸ್ಪತ್ರೆ, ಆ ರಸ್ತೆ ಕಾಣುವುದಿಲ್ಲ. ಆಗ ಸಂಸತ್ತು ಮಂಜೂರು ಮಾಡುವುದು ಅರ್ಧ ಲೆಕ್ಕವನ್ನು. ತಮ್ಮ ಹಣವನ್ನು ಹೀಗೆ ಹೊರಗಿಟ್ಟು ‘ಲೆಕ್ಕ ತೋರಿಸಿ’ ಎಂದರೆ ಯಾರು ಕೇಳುತ್ತಾರೆ? 2008ರಲ್ಲಿ ಘಾನಾದ ಅಕ್ರಾದಲ್ಲಿ, ನೆರವಿನ ವಿವರವನ್ನು ಒಂದೇ ನಮೂನೆಯಲ್ಲಿ ಪ್ರಕಟಿಸುವ ಅಂತರರಾಷ್ಟ್ರೀಯ ಪ್ರಯತ್ನ ಶುರುವಾಯಿತು. ಒಳ್ಳೆಯದೇ. ಆದರೆ ಆ ವಿವರ, ನೆರವು ಪಡೆಯುವ ದೇಶದ ಬಜೆಟ್ ತಲೆಬರಹಗಳಿಗೆ ಹೊಂದದಿದ್ದರೆ ಅಲ್ಲಿನ ಹಣಕಾಸು ಗುಮಾಸ್ತನಿಗೆ ಉಪಯೋಗವಿಲ್ಲ.

ಪ್ರಶ್ನೆ: ದೇಶಗಳಿಗೆ ಬಜೆಟ್ ಅಂಕ ಕೊಡುತ್ತಾರಲ್ಲ, ಅದು ಹೇಗೆ?

ಉತ್ತರ: ಅದು ಓಪನ್ ಬಜೆಟ್ ಸರ್ವೇ, 2006ರಲ್ಲಿ ಶುರುವಾದದ್ದು. ಬಜೆಟ್ ಪ್ರಸ್ತಾವದಿಂದ ಆಡಿಟ್ ವರದಿವರೆಗೆ ಎಂಟು ದಾಖಲೆಗಳು ಹೊತ್ತಿಗೆ ಸರಿಯಾಗಿ ಹೊರಬಂದವೇ, ಅವುಗಳಲ್ಲಿ ಏನೆಲ್ಲ ಇದೆ ಎಂದು ನೋಡಿ 100ಕ್ಕೆ ಅಂಕ ಹಾಕುತ್ತಾರೆ. 61 ಬಂದರೆ ಸಾಕಷ್ಟು ಎಂದು ಲೆಕ್ಕ. 2023ರಲ್ಲಿ 125 ದೇಶಗಳ ಸರಾಸರಿ 45. ನಾನಾದರೆ ಮೊದಲು ಆಡಿಟ್ ವರದಿಯ ತಾರೀಖು ನೋಡುತ್ತೇನೆ.